ದೇಶದ ದನಿಯಾಗಿ ಬದುಕುವುದು: ರಾಯಭಾರಿಯ ವೃತ್ತಿಯ ಒಳಹೊರಗು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲೋ ಸೇಂಟ್ ಮಾರ್ಕ್ಸ್ ರಸ್ತೆಯಲ್ಲೋ ಸಿಗ್ನಲ್ಲಿಗೆ ನಿಂತಾಗ ಒಮ್ಮೊಮ್ಮೆ ನೀಲಿ ನಂಬರ್ ಪ್ಲೇಟಿನ ಕಾರು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ‘ಕೆಎ’ ಇರುವುದಿಲ್ಲ. ಒಂದು ಸಂಖ್ಯೆ, ನಡುವೆ ‘ಸಿಸಿ’, ಆಮೇಲೆ ಇನ್ನೊಂದು ಸಂಖ್ಯೆ. ಮೊದಲ ಸಂಖ್ಯೆ ಕಾರು ಯಾವ ದೇಶದ ಕಚೇರಿಗೆ ಸೇರಿದ್ದೆಂದು ತಿಳಿಸುತ್ತದೆ. ರಾಯಭಾರ ಕಚೇರಿಗಳು ಹೆಚ್ಚಾಗಿರುವ ದೆಹಲಿಯ ಚಾಣಕ್ಯಪುರಿಯಲ್ಲಾದರೆ ಇಂಥ ಕಾರುಗಳ ಮೇಲೆ ಹೆಚ್ಚಾಗಿ ‘ಸಿಡಿ’ ಎಂದಿರುತ್ತದೆ. ಸಿಡಿ ಎಂದರೆ ರಾಯಭಾರ ಕಚೇರಿಯವರು, ಸಿಸಿ ಎಂದರೆ ಕಾನ್ಸುಲೇಟ್‌ನವರು. ರಾಯಭಾರ ಕಚೇರಿ ರಾಜಧಾನಿಯಲ್ಲಿದ್ದು ಸರ್ಕಾರದೊಡನೆ ಸರ್ಕಾರವಾಗಿ ವ್ಯವಹರಿಸುತ್ತದೆ. ಕಾನ್ಸುಲೇಟ್ ಬೇರೆ ಊರುಗಳಲ್ಲಿದ್ದು ಜನರ ಕೆಲಸ ನೋಡುತ್ತದೆ: ವೀಸಾ, ಪಾಸ್‌ಪೋರ್ಟ್, ವ್ಯಾಪಾರ, ತೊಂದರೆಗೆ ಸಿಕ್ಕ ತನ್ನ ದೇಶದವರ ನೆರವು. ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮುಂತಾದ ದೇಶಗಳ ಇಂಥ ಕಚೇರಿಗಳು ಬೆಂಗಳೂರಿನಲ್ಲಿವೆ. ಅಮೆರಿಕ ತನ್ನ ಕಾನ್ಸುಲೇಟನ್ನು ಇಲ್ಲಿ ಉದ್ಘಾಟಿಸಿದ್ದು 2025ರ ಜನವರಿ 17ರಂದು. ಆದರೆ ವೀಸಾ ಸೇವೆ ಅಂದೇ ಶುರುವಾಗಲಿಲ್ಲ. ಅಮೆರಿಕದ ವೀಸಾ ಸಂದರ್ಶನವೆಂದರೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಬಹುಕಾಲ ರಾತ್ರಿ ಬಸ್ಸಿನ ಚೆನ್ನೈ ಪ್ರಯಾಣ ಎಂದೇ ಅರ್ಥವಾಗಿತ್ತು.

ನಮ್ಮ ಊರಿಗೆ ಬಂದು ಕೂತ ಈ ಪರದೇಶದ ಅಧಿಕಾರಿಗಳು ದಿನವಿಡೀ ಏನು ಮಾಡುತ್ತಾರೆ? ನಮ್ಮವರು ಬೇರೆ ದೇಶಗಳಿಗೆ ಹೋಗಿ ಏನು ಮಾಡುತ್ತಾರೆ? ವಿಜಯನಗರದ ಕೋಚಿಂಗ್ ಸೆಂಟರುಗಳಲ್ಲಿ ಯುಪಿಎಸ್‌ಸಿಗೆ ಓದುವ ಮಕ್ಕಳನ್ನು ಕೇಳಿದರೆ ಐಎಎಸ್, ಐಪಿಎಸ್ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಎಂದರೆ ಕೆಲವರಿಗೆ ನೆನಪಾಗುವುದು ಅರಣ್ಯ ಸೇವೆ, ಉಳಿದವರಿಗೆ ‘ಫಾರಿನ್ ಪೋಸ್ಟಿಂಗ್’. ಇಷ್ಟು ದೊಡ್ಡ ವೃತ್ತಿಯೊಂದು ಕನ್ನಡದ ಮಕ್ಕಳಿಗೆ ಇಷ್ಟು ಮಸುಕಾಗಿ ಕಾಣಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು ಇದು: ರಾಯಭಾರಿ ಆಡುವ ಮಾತು ಅವರದ್ದಲ್ಲ. ಇದಕ್ಕೆ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅವರೇ ಮುಂದೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆಯ ಸರದಿ ಭಾರತದ್ದು, ಅಂದರೆ ಆ ಕುರ್ಚಿಯಲ್ಲಿ ಕೂತವರು ರಾಯರು. ಅದೇ ತಿಂಗಳ 25ರಂದು ಕೊರಿಯಾ ಯುದ್ಧ ಹೊತ್ತಿಕೊಂಡಿತು. ಅಂದೇ ಬಂದ ಮೊದಲ ನಿರ್ಣಯದ ಪರ ಭಾರತ ಮತ ಹಾಕಿತು. ಎರಡೇ ದಿನದಲ್ಲಿ ಎರಡನೆಯ ನಿರ್ಣಯ ಬಂತು: ದಕ್ಷಿಣ ಕೊರಿಯಾಕ್ಕೆ ಸದಸ್ಯ ರಾಷ್ಟ್ರಗಳು ನೆರವು ಕೊಡಬೇಕೆಂದು. ದೆಹಲಿಯ ಸೂಚನೆ ಇನ್ನೂ ಕೈಸೇರಿರಲಿಲ್ಲ. ಜಗತ್ತೇ ನೋಡುತ್ತಿದ್ದ ಸಭೆಯ ಅಧ್ಯಕ್ಷ, ದೇಶದ ಅತಿ ದೊಡ್ಡ ಕಾನೂನು ಪಂಡಿತರಲ್ಲೊಬ್ಬರು, ಮತದಾನದಲ್ಲಿ ಭಾಗವಹಿಸದೆ ಕೂತರು. ಇನ್ನೆರಡು ದಿನ ಕಳೆದ ಮೇಲೆ ಭಾರತ ಆ ನಿರ್ಣಯವನ್ನು ಒಪ್ಪಿದೆಯೆಂದು ದೆಹಲಿ ತಿಳಿಸಿತು.

ರಾಯರಿಗೆ ಸ್ವಂತ ಅಭಿಪ್ರಾಯ ಇರಲಿಲ್ಲವೇ? ಖಂಡಿತ ಇತ್ತು. ಆದರೆ ಆ ಕುರ್ಚಿಯಲ್ಲಿ ಎತ್ತುವ ಕೈ ಒಂದು ದೇಶದ ಕೈ. ಸೂಚನೆ ಇಲ್ಲದೆ ಅದನ್ನು ಎತ್ತುವಂತಿಲ್ಲ. ಈ ಕಟ್ಟುಪಾಡನ್ನು ಮೂವತ್ತೈದು ವರ್ಷ ಹೊತ್ತು ನಡೆಯುವುದೇ ರಾಜತಾಂತ್ರಿಕರ ಬದುಕು. ಹಾಗಾದರೆ ಅವರು ಬರೀ ಸಂದೇಶ ಮುಟ್ಟಿಸುವವರೇ ಎಂದರೆ ಅದೂ ಅಲ್ಲ. ದೆಹಲಿಯ ಸೂಚನೆ ಹೇಗಿರಬೇಕೆಂಬುದನ್ನು ಬಹುಪಾಲು ರೂಪಿಸುವುದು ಅದೇ ರಾಯಭಾರಿ ಕಳಿಸಿದ ವರದಿಗಳೇ.

ದಾರಿ ಎಲ್ಲಿಂದ ಶುರು

ಪರೀಕ್ಷೆಯ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಐಎಎಸ್‌ಗೆ ಬರೆಯುವ ನಾಗರಿಕ ಸೇವಾ ಪರೀಕ್ಷೆಯೇ ಇದಕ್ಕೂ. ಪೂರ್ವಭಾವಿ ಪರೀಕ್ಷೆ, ಆಮೇಲೆ ಶ್ರೇಯಾಂಕಕ್ಕೆ ಎಣಿಸುವ 1750 ಅಂಕಗಳ ಮುಖ್ಯ ಪರೀಕ್ಷೆ, ಕೊನೆಗೆ 275 ಅಂಕಗಳ ಸಂದರ್ಶನ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಪೂರ್ವಭಾವಿಯ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಹುಡುಗ ಹುಡುಗಿಯರಿಗೆ ನಿಜವಾದ ಅಡ್ಡಗೋಡೆ ಇದು. ಅದನ್ನು ಒಡೆಯಬೇಕು ಎಂದು ನಾವು ಇನ್ನೂ ಜೋರಾಗಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಈಚಿನ ವರ್ಷಗಳಲ್ಲಿ ಐಎಫ್‌ಎಸ್‌ಗೆ ವರ್ಷಕ್ಕೆ ನಲವತ್ತರ ಆಸುಪಾಸು ಹುದ್ದೆ, ಒಮ್ಮೊಮ್ಮೆ ಐವತ್ತರ ಮೇಲೂ ಹೋಗಿದೆ. ಇಡೀ ದೇಶದ ಐಎಫ್‌ಎಸ್ ಅಧಿಕಾರಿಗಳ ಸಂಖ್ಯೆ ಸುಮಾರು ಸಾವಿರ. ಇವರ ಹೆಗಲ ಮೇಲೆ ಜಗತ್ತಿನಾದ್ಯಂತ ಸುಮಾರು 200 ಕಚೇರಿಗಳು, ಜೊತೆಗೆ ದೆಹಲಿಯ ಸಚಿವಾಲಯ. ನೂರನಲವತ್ತು ಕೋಟಿ ಜನರ ದೇಶಕ್ಕೆ ಇದು ಬಹಳ ಸಣ್ಣ ಪಡೆ. ಸಂಸತ್ತಿನ ಸ್ಥಾಯಿ ಸಮಿತಿಯೂ ಇದನ್ನು ಎತ್ತಿ ಹೇಳಿದೆ.

ಆಯ್ಕೆಯಾದವರು ಮಸ್ಸೂರಿಯಲ್ಲಿ ಉಳಿದ ಸೇವೆಗಳವರೊಡನೆ ಮೂಲ ತರಬೇತಿ ಮುಗಿಸಿ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಗೆ ಬರುತ್ತಾರೆ. ನನ್ನ ಮಟ್ಟಿಗೆ ಈ ವೃತ್ತಿಯ ಅತಿ ಸುಂದರ ಭಾಗ ಅದರ ನಂತರದ್ದು. ಪ್ರತಿಯೊಬ್ಬರಿಗೂ ಒಂದು ವಿದೇಶಿ ಭಾಷೆ ಹಂಚಿಕೆಯಾಗುತ್ತದೆ: ಅರಬ್ಬಿ, ಚೀನೀ, ರಷ್ಯನ್, ಜಪಾನಿ, ಸ್ಪ್ಯಾನಿಷ್, ಫ್ರೆಂಚ್, ಪಾರಸಿ ಹೀಗೆ. ಆ ಭಾಷೆ ಆಡುವ ನಾಡಿಗೇ ಮೊದಲ ನೇಮಕ, ಮೂರನೇ ಕಾರ್ಯದರ್ಶಿಯಾಗಿ. ಅಲ್ಲಿದ್ದು ಭಾಷೆ ಕಲಿತು ಪರೀಕ್ಷೆ ಪಾಸು ಮಾಡಿದ ಮೇಲಷ್ಟೇ ನೌಕರಿ ಕಾಯಂ. ಅಲ್ಲಿಂದ ಮುಂದೆ ಎರಡನೇ ಕಾರ್ಯದರ್ಶಿ, ಮೊದಲನೇ ಕಾರ್ಯದರ್ಶಿ, ಕೌನ್ಸೆಲರ್, ಮಿನಿಸ್ಟರ್. ಈ ‘ಮಿನಿಸ್ಟರ್’ ನಮ್ಮ ಮಂತ್ರಿ ಅಲ್ಲ, ರಾಯಭಾರ ಕಚೇರಿಯ ಒಂದು ಹಿರಿಯ ದರ್ಜೆ. ಸ್ವತಃ ರಾಯಭಾರಿಯಾಗುವ ಹೊತ್ತಿಗೆ ಹದಿನೈದು ಇಪ್ಪತ್ತು ವರ್ಷ ಸಂದಿರುತ್ತದೆ. ಕಾಮನ್‌ವೆಲ್ತ್ ದೇಶಗಳಲ್ಲಿ ಅದೇ ಹುದ್ದೆಗೆ ಹೈಕಮಿಷನರ್ ಎಂದು ಹೆಸರು. ಲಂಡನ್, ಕೊಲಂಬೊ, ಕ್ಯಾನ್‌ಬೆರಾಗಳಲ್ಲಿ ನಮ್ಮವರು ಹೈಕಮಿಷನರ್, ಪ್ಯಾರಿಸ್ಸಿನಲ್ಲಿ ರಾಯಭಾರಿ. ಅಧಿಕಾರದಲ್ಲಿ ವ್ಯತ್ಯಾಸವಿಲ್ಲ.

ಎಲ್ಲ ರಾಯಭಾರಿಗಳೂ ಈ ಮೆಟ್ಟಿಲು ಹತ್ತಿಯೇ ಬಂದವರಲ್ಲ. ಹೊರಗಿನವರನ್ನು ನೇಮಿಸುವ ಅಧಿಕಾರ ಸರ್ಕಾರಕ್ಕಿದೆ. ಕೊಡಗಿನ ಕೆ. ಎಂ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ ಮೇಲೆ 1953ರಿಂದ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಬಿಟ್ಟು ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದು ರೈಲು ನಿಲ್ದಾಣಕ್ಕೆ ಮುಟ್ಟಿಸಿದ ರಾಧಾಕೃಷ್ಣನ್ 1949ರಲ್ಲಿ ಮಾಸ್ಕೋಗೆ ರಾಯಭಾರಿಯಾಗಿ ಹೋದರು.

ಪಾರ್ಟಿಯಲ್ಲ, ಬರವಣಿಗೆ

ಸಿನಿಮಾಗಳಲ್ಲಿ ರಾಯಭಾರಿ ಎಂದರೆ ಸೂಟು, ಗ್ಲಾಸು, ಔತಣಕೂಟ. ಔತಣಕೂಟ ಇರುವುದು ನಿಜ. ಆದರೆ ಅದು ಕೆಲಸದ ಜಾಗ. ಆ ದೇಶದ ಸಂಸದ, ಸಂಪಾದಕ, ಉದ್ಯಮಿ, ವಿರೋಧ ಪಕ್ಷದ ನಾಯಕ, ಇನ್ನೊಂದು ದೇಶದ ರಾಯಭಾರಿ ಇವರೆಲ್ಲ ಒಂದೇ ಸಂಜೆ ಸಿಗುವ ಕಡೆ ಅರ್ಧ ಗಂಟೆಯಲ್ಲಿ ತಿಳಿಯುವ ಸಂಗತಿ ವಾರದ ಪತ್ರಿಕೆ ಓದಿದರೂ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ, ಇಲ್ಲವೇ ಮರುದಿನ ಬೆಳಗ್ಗೆ ಕಚೇರಿಯಲ್ಲಿ ಕೂತು ಅದನ್ನು ಬರೆದು ದೆಹಲಿಗೆ ಕಳಿಸಬೇಕು. ಈ ಗುಪ್ತಲಿಪಿಯ ವರದಿಗೆ ಇಂದಿಗೂ ಕೇಬಲ್ ಎಂದೇ ಹೆಸರು.

ಒಳ್ಳೆಯ ಕೇಬಲ್ ಬರೆಯುವುದು ಕಷ್ಟದ ಕಲೆ. ಯಾರು ಏನು ಹೇಳಿದರು, ಅದರಲ್ಲಿ ಎಷ್ಟು ನಿಜ, ಎಷ್ಟು ನಮ್ಮನ್ನು ಮೆಚ್ಚಿಸಲು ಹೇಳಿದ್ದು, ನಾವೀಗ ಏನು ಮಾಡಬೇಕು, ಎಲ್ಲವೂ ಕೆಲವೇ ಸಾಲುಗಳಲ್ಲಿ ಇರಬೇಕು. ದೆಹಲಿಗೆ ಕೇಳಲು ಇಷ್ಟವಾಗದ ಸುದ್ದಿಯನ್ನೂ ಬರೆಯಬೇಕು. ‘ಇಲ್ಲಿನ ಸರ್ಕಾರ ನಮ್ಮ ಪ್ರಸ್ತಾಪವನ್ನು ಒಪ್ಪುವುದಿಲ್ಲ, ಅದಕ್ಕೆ ಕಾರಣ ನಾವೇ’ ಎಂದು ಬರೆಯಲು ಧೈರ್ಯ ಬೇಕು. ಹಾಗೆ ಬರೆಯುವ ರಾಯಭಾರಿಯನ್ನು ದೆಹಲಿ ನಂಬುತ್ತದೆ. ತನ್ನ ಮಾತನ್ನು ತಿರುಚದೆ ದೆಹಲಿಗೆ ಮುಟ್ಟಿಸುತ್ತಾರೆ ಎಂದು ಆ ದೇಶದ ಸರ್ಕಾರವೂ ಅದೇ ವ್ಯಕ್ತಿಯನ್ನು ನಂಬುತ್ತದೆ. ಈ ಎರಡು ಕಡೆಯ ನಂಬಿಕೆಯೇ ರಾಯಭಾರಿಯ ಸ್ವಂತ ಗಳಿಕೆ. ಹುದ್ದೆ, ಕಾರು, ಬಾವುಟ ಎಲ್ಲ ಸರ್ಕಾರದ್ದು.

ಬರವಣಿಗೆಯ ಇನ್ನೊಂದು ಮುಖ ಸಂಧಾನ. ಇದರ ತಾಜಾ ಪಾಠವೊಂದು ನಮ್ಮ ಬೆಂಗಳೂರಿನಲ್ಲೇ ನಡೆಯಿತು. 2023ರ ಫೆಬ್ರುವರಿ 24 ಮತ್ತು 25ರಂದು ಜಿ20 ದೇಶಗಳ ಹಣಕಾಸು ಸಚಿವರು ಮತ್ತು ಕೇಂದ್ರ ಬ್ಯಾಂಕುಗಳ ಗವರ್ನರುಗಳು ಇಲ್ಲಿ ಸೇರಿದ್ದರು. ಉಕ್ರೇನ್ ಯುದ್ಧಕ್ಕೆ ಆಗ ಸರಿಯಾಗಿ ಒಂದು ವರ್ಷ. ಇಂಥ ಸಭೆಗಳ ಕೊನೆಗೆ ಎಲ್ಲರೂ ಒಪ್ಪಿದ ಜಂಟಿ ಹೇಳಿಕೆ ಬರಬೇಕು. ಯುದ್ಧದ ಬಗ್ಗೆ ಹಿಂದಿನ ನವೆಂಬರ್‌ನಲ್ಲಿ ಬಾಲಿಯ ಶೃಂಗಸಭೆ ಒಪ್ಪಿದ್ದ ಎರಡು ಪ್ಯಾರಾಗಳನ್ನು ಹಾಗೆಯೇ ಇಡೋಣವೆಂದರೆ ರಷ್ಯಾ ಮತ್ತು ಚೀನಾ ಒಪ್ಪಲಿಲ್ಲ. ತೆಗೆಯೋಣವೆಂದರೆ ಪಶ್ಚಿಮದ ದೇಶಗಳು ಒಪ್ಪಲಿಲ್ಲ.

ಭಾರತ ಏನು ಮಾಡಿತು? ಜಂಟಿ ಹೇಳಿಕೆಯ ಬದಲು ‘ಅಧ್ಯಕ್ಷರ ಸಾರಾಂಶ ಮತ್ತು ಫಲಿತಾಂಶ ದಾಖಲೆ’ ಎಂಬ ಹೆಸರಿನ ಕಾಗದ ಹೊರಡಿಸಿತು. ಯುದ್ಧದ ಬಗೆಗಿನ 3 ಮತ್ತು 4ನೇ ಪ್ಯಾರಾಗಳನ್ನು ರಷ್ಯಾ ಮತ್ತು ಚೀನಾ ಬಿಟ್ಟು ಉಳಿದೆಲ್ಲ ಸದಸ್ಯರೂ ಒಪ್ಪಿದ್ದಾರೆಂದು ಅಡಿಟಿಪ್ಪಣಿ ಹಾಕಿತು. ಹೊರಗಿನಿಂದ ನೋಡಿದವರು ಸಭೆ ಸೋತಿತು ಎಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಸಾಲ, ಡಿಜಿಟಲ್ ಪಾವತಿ, ಹವಾಮಾನ ನೆರವು ಮುಂತಾದ ಉಳಿದೆಲ್ಲ ವಿಷಯಗಳಲ್ಲಿ ಆದ ಒಪ್ಪಂದವನ್ನು ಆ ಒಂದು ಅಡಿಟಿಪ್ಪಣಿ ಕಾಪಾಡಿತು. ಯಾರೂ ಎದ್ದು ಹೋಗಲಿಲ್ಲ. ಜಗಳ ಎಲ್ಲಿದೆಯೋ ಅಲ್ಲಿಗಷ್ಟೇ ಬೇಲಿ ಹಾಕಿ ಉಳಿದ ಹೊಲವನ್ನು ಉಳುವುದು ಸಂಧಾನದ ಹಳೆಯ ವಿದ್ಯೆ.

ಅದೇ ವರ್ಷದ ಸೆಪ್ಟೆಂಬರ್ 9ರಂದು ದೆಹಲಿಯ ಶೃಂಗಸಭೆಯಲ್ಲಿ ಎಲ್ಲರೂ ಒಪ್ಪಿದ ಘೋಷಣೆ ಬಂದೇ ಬಂತು. ರಷ್ಯಾದ ಹೆಸರೆತ್ತಿ ಖಂಡಿಸುವ ಸಾಲು ಅದರಲ್ಲಿರಲಿಲ್ಲ. ಯಾವ ದೇಶವೂ ಬಲ ಬಳಸಿ ಇನ್ನೊಂದರ ನೆಲ ಕಬಳಿಸಬಾರದು ಎಂಬ ಸಾಲು ಇತ್ತು. ಭಾರತದ ಶೆರ್ಪಾ, ಅಂದರೆ ಜಿ20 ಮಾತುಕತೆಯಲ್ಲಿ ಪ್ರಧಾನಿಯ ಪ್ರತಿನಿಧಿಯಾಗಿದ್ದ ಅಮಿತಾಭ್ ಕಾಂತ್ ಹೇಳಿದಂತೆ ಅದರ ಹಿಂದೆ 200 ಗಂಟೆಗೂ ಮೀರಿದ ಮಾತುಕತೆ ಮತ್ತು 15 ಕರಡುಗಳಿದ್ದವು. ಆ ಮಾತುಕತೆಯಲ್ಲಿ ಹಗಲಿರುಳು ಕೂತವರೆಂದು ಅವರು ಹೆಸರಿಸಿದ ಈನಂ ಗಂಭೀರ್ ಮತ್ತು ನಾಗರಾಜ್ ನಾಯ್ಡು ಇಬ್ಬರೂ ಐಎಫ್‌ಎಸ್ ಅಧಿಕಾರಿಗಳು. ಫೋಟೊದಲ್ಲಿ ಪ್ರಧಾನಿ, ಅಧ್ಯಕ್ಷರು ಕಾಣುತ್ತಾರೆ. ಒಂದು ವಾಕ್ಯಕ್ಕಾಗಿ ಬೆಳಗಿನ ಜಾವದವರೆಗೆ ಹಟ ಹಿಡಿದು ಕೂತವರು ಫೋಟೊದಲ್ಲಿ ಇರುವುದು ಅಪರೂಪ.

ಬೆಂಗಳೂರಿಗೆ ಇಂಥ ಸಭೆ ಹೊಸದೂ ಅಲ್ಲ. 1986ರ ನವೆಂಬರ್‌ನಲ್ಲಿ ದಕ್ಷಿಣ ಏಷ್ಯಾದ ದೇಶಗಳ ಕೂಟವಾದ ಸಾರ್ಕ್‌ನ ಎರಡನೇ ಶೃಂಗಸಭೆ ಇಲ್ಲೇ ನಡೆಯಿತು. ಕಠ್ಮಂಡುವಿನಲ್ಲಿ ಸಾರ್ಕ್ ಕಾರ್ಯಾಲಯ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇಲ್ಲೇ.

ದೂತನಿಗೆ ಏಕೆ ರಕ್ಷಣೆ

ಲಂಕೆಯಲ್ಲಿ ಹನುಮಂತನನ್ನು ಕೊಲ್ಲಹೊರಟ ರಾವಣನಿಗೆ ವಿಭೀಷಣ ಹೇಳಿದ್ದು ‘ದೂತನನ್ನು ಕೊಲ್ಲಬಾರದು’ ಎಂದು. ಆ ಹಳೆಯ ನೀತಿಯನ್ನೇ 1961ರ ವಿಯೆನ್ನಾ ಒಪ್ಪಂದ ಕಾನೂನಾಗಿ ಬರೆದಿದೆ. ಅದರ ಪ್ರಕಾರ ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ (29ನೇ ವಿಧಿ). ರಾಯಭಾರ ಕಚೇರಿಯೊಳಗೆ ಅವರ ಒಪ್ಪಿಗೆಯಿಲ್ಲದೆ ಪೊಲೀಸರು ಕಾಲಿಡುವಂತಿಲ್ಲ (22ನೇ ವಿಧಿ). ಅವರು ಕಾಗದಪತ್ರ ಕಳಿಸುವ ಮೊಹರು ಹಾಕಿದ ಚೀಲವನ್ನು ತೆರೆಯುವಂತಿಲ್ಲ (27ನೇ ವಿಧಿ). ರಾಯಭಾರ ಕಚೇರಿಯ ನೆಲ ಆ ದೇಶದ ನೆಲವಾಗಿಬಿಡುತ್ತದೆ ಎಂಬುದು ಮಾತ್ರ ತಪ್ಪು ತಿಳಿವಳಿಕೆ. ಚಾಣಕ್ಯಪುರಿಯ ಪ್ರತಿ ಅಂಗುಲವೂ ಭಾರತದ್ದೇ. ಒಳಗೆ ನುಗ್ಗುವುದಿಲ್ಲವೆಂದು ಭಾರತ ಮಾತು ಕೊಟ್ಟಿದೆ, ಅಷ್ಟೆ.

ಈ ರಕ್ಷಣೆ ವ್ಯಕ್ತಿಯ ಸುಖಕ್ಕಲ್ಲ. ಬಂಧನದ ಭಯವಿದ್ದರೆ ಒಬ್ಬ ದೂತ ಅಪ್ರಿಯ ಸಂದೇಶವನ್ನು ನಿರ್ಭಯವಾಗಿ ಮುಟ್ಟಿಸಲಾರ ಎಂಬುದಕ್ಕೆ ಅದು ಇರುವುದು. ಆದ್ದರಿಂದಲೇ ಅದನ್ನು ಬಿಟ್ಟುಕೊಡುವ ಹಕ್ಕು ಅಧಿಕಾರಿಗಿಲ್ಲ, ಕಳಿಸಿದ ದೇಶಕ್ಕಿದೆ. ಆತಿಥೇಯ ದೇಶದ ಕಾನೂನನ್ನು ಪಾಲಿಸಬೇಕೆಂದೂ ಅದೇ ಒಪ್ಪಂದ ಹೇಳುತ್ತದೆ. ಕಾನ್ಸುಲೇಟ್ ಅಧಿಕಾರಿಗಳಿಗೆ ಬೇರೆ ಒಪ್ಪಂದ, 1963ರದು. ಅದರಲ್ಲಿ ರಕ್ಷಣೆ ಬಹಳ ಕಡಿಮೆ, ಕಚೇರಿ ಕೆಲಸಕ್ಕಷ್ಟೇ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ಉಪ ಕಾನ್ಸುಲ್ ಜನರಲ್ ಒಬ್ಬರ ಬಂಧನವಾದಾಗ ಎರಡೂ ದೇಶಗಳು ವಾದ ಮಾಡಿದ್ದು ಈ ಗೆರೆಯ ಮೇಲೆಯೇ. ಭಾರತ ಅವರನ್ನು ವಿಶ್ವಸಂಸ್ಥೆಯ ಕಚೇರಿಗೆ ವರ್ಗ ಮಾಡಿತು. ಅಲ್ಲಿ ಪೂರ್ಣ ರಕ್ಷಣೆ ದೊರೆತ ಮೇಲೆ ಅವರು ಸ್ವದೇಶಕ್ಕೆ ಮರಳಿದರು. ಬೆಂಗಳೂರಿನ ‘ಸಿಸಿ’ಗೂ ದೆಹಲಿಯ ‘ಸಿಡಿ’ಗೂ ನಡುವೆ ಇಷ್ಟು ದೊಡ್ಡ ಅಂತರವಿದೆ.

ರಾಯಭಾರಿಯನ್ನು ಸುಮ್ಮನೆ ಕಳಿಸುವಂತಿಲ್ಲ. ಮೊದಲು ಹೆಸರನ್ನು ಗುಟ್ಟಾಗಿ ಆ ದೇಶಕ್ಕೆ ತಿಳಿಸಿ ಒಪ್ಪಿಗೆ ಕೇಳಬೇಕು. ಬೇಡವೆಂದರೆ ಅವರು ಕಾರಣ ಕೊಡಬೇಕಾಗಿಲ್ಲ. ಒಪ್ಪಿದರೆ ನಮ್ಮ ರಾಷ್ಟ್ರಪತಿ ಸಹಿ ಮಾಡಿದ ಅಧಿಕಾರಪತ್ರ ಹಿಡಿದು ಹೋಗಿ ಅಲ್ಲಿನ ರಾಷ್ಟ್ರದ ಮುಖ್ಯಸ್ಥರಿಗೆ ಸಲ್ಲಿಸಬೇಕು. ಬಂದ ಮೇಲೆ ಬೇಡವೆನಿಸಿದರೂ ಆ ದೇಶ ಕಾರಣ ಹೇಳದೆ ‘ಈ ವ್ಯಕ್ತಿ ನಮಗೆ ಸ್ವೀಕಾರಾರ್ಹರಲ್ಲ’ ಎಂದು ಹೊರಗೆ ಕಳಿಸಬಹುದು.

ಸಂಬಂಧ ಕೆಟ್ಟಾಗ ಸಿಟ್ಟು ತೋರಿಸುವುದಕ್ಕೂ ಇಲ್ಲಿ ಮೆಟ್ಟಿಲುಗಳಿವೆ. ಎದುರು ದೇಶದ ರಾಯಭಾರಿಯನ್ನು ಕರೆಸಿ ಪ್ರತಿಭಟನೆ ಹೇಳುವುದು, ತಮ್ಮ ರಾಯಭಾರಿಯನ್ನು ಸಮಾಲೋಚನೆಗೆಂದು ವಾಪಸು ಕರೆಸಿಕೊಳ್ಳುವುದು, ಅಧಿಕಾರಿಗಳನ್ನು ಹೊರಹಾಕುವುದು, ರಾಯಭಾರಿ ಇಲ್ಲದೆ ಕಿರಿಯ ಅಧಿಕಾರಿಯ ಕೈಯಲ್ಲಿ ಕಚೇರಿ ಬಿಡುವುದು, ಎಲ್ಲಕ್ಕೂ ಕೊನೆಗೆ ಬಾಗಿಲು ಮುಚ್ಚುವುದು. 2024ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ಕೆನಡಾ ಪರಸ್ಪರ ಆರಾರು ಅಧಿಕಾರಿಗಳನ್ನು ಹೊರಹಾಕಿದ್ದು ಇದರ ಒಂದು ಮೆಟ್ಟಿಲು. ಹೊರಡುವ ಅಧಿಕಾರಿಯ ಮಕ್ಕಳ ಶಾಲೆ, ಮನೆ ಸಾಮಾನು, ಅರ್ಧಕ್ಕೆ ನಿಂತ ಕೆಲಸ ಎಲ್ಲವೂ ಒಂದು ವಾರದಲ್ಲಿ ಬುಡಮೇಲಾಗುತ್ತದೆ.

ಕರೆಸುವ ಹೊತ್ತಿಗೂ ಅರ್ಥವಿರುತ್ತದೆ. 2008ರ ಮಾರ್ಚ್‌ನಲ್ಲಿ ದೆಹಲಿಯ ಚೀನಾ ರಾಯಭಾರ ಕಚೇರಿಯ ಆವರಣಕ್ಕೆ ಟಿಬೆಟನ್ ಪ್ರತಿಭಟನಕಾರರು ನುಗ್ಗಿದರು. ಬೀಜಿಂಗ್‌ನಲ್ಲಿ ಭಾರತದ ರಾಯಭಾರಿಯಾಗಿದ್ದ ನಿರುಪಮಾ ರಾವ್ ಅವರನ್ನು ಚೀನಾದ ವಿದೇಶಾಂಗ ಸಚಿವಾಲಯ ರಾತ್ರಿ ಎರಡು ಗಂಟೆಗೆ ಕರೆಸಿತು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ಅವರು ಆ ಸರಿರಾತ್ರಿ ಹೋಗಿ ಕೂತು ಆ ಪ್ರತಿಭಟನೆಯನ್ನು ಕೇಳಿಸಿಕೊಂಡರು. ಅಲ್ಲಿ ಸಿಡುಕುವಂತಿಲ್ಲ, ತಲೆತಗ್ಗಿಸುವಂತೆಯೂ ಇಲ್ಲ. ಮುಂದಿನ ವರ್ಷ ಅವರು ದೇಶದ ವಿದೇಶಾಂಗ ಕಾರ್ಯದರ್ಶಿಯಾದರು, ಆ ಹುದ್ದೆಗೇರಿದ ಎರಡನೇ ಮಹಿಳೆ.

ಹಕ್ಕಿಪಿಕ್ಕಿಗಳು ಮತ್ತು ಸುಡಾನ್

ರಾಜತಾಂತ್ರಿಕತೆ ದೊಡ್ಡವರ ವ್ಯವಹಾರ, ನಮಗೇನು ಸಂಬಂಧ ಎನ್ನುವವರಿಗೆ 2023ರ ಏಪ್ರಿಲ್ ನೆನಪಿಸಬೇಕು. ಆ ತಿಂಗಳ 15ರಂದು ಸುಡಾನಿನ ಸೇನೆಗೂ ಅರೆಸೇನಾ ಪಡೆಗೂ ಕಾದಾಟ ಶುರುವಾಯಿತು. ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದರು. ಶಿವಮೊಗ್ಗ, ದಾವಣಗೆರೆ, ಮೈಸೂರು ಕಡೆಯ ಜನ. ನೀರು ಆಹಾರಗಳಿಗೆ ಪರದಾಡುತ್ತಾ ಫೋನಿನಲ್ಲಿ ವಿಡಿಯೊ ಕಳಿಸುತ್ತಿದ್ದರು.

ಅವರನ್ನು ಕರೆತಂದ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ಕಾವೇರಿ. ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಟಿವಿಯಲ್ಲಿ ಕಂಡವು. ಅದಕ್ಕೆ ಮುನ್ನ ನಡೆಯಬೇಕಿದ್ದ ಕೆಲಸವೆಲ್ಲ ರಾಜತಾಂತ್ರಿಕರದ್ದು. ಯಾರು ಎಲ್ಲಿದ್ದಾರೆಂದು ಪಟ್ಟಿ ಮಾಡಬೇಕು. ಬಸ್ಸು, ಡೀಸೆಲ್ ಹೊಂದಿಸಬೇಕು. ಗುಂಡು ಹಾರಿಸುತ್ತಿರುವ ಎರಡೂ ಪಕ್ಷಗಳೊಡನೆ ಮಾತಾಡಿ ಬಸ್ಸು ಹೋಗುವ ದಾರಿಗೆ ಒಪ್ಪಿಗೆ ಪಡೆಯಬೇಕು. ಪೋರ್ಟ್ ಸುಡಾನ್‌ನಿಂದ ಕೆಂಪು ಸಮುದ್ರ ದಾಟಿ ಜೆದ್ದಾದಲ್ಲಿ ಇಳಿಸಲು ಸೌದಿ ಅರೇಬಿಯಾದ ಸಹಕಾರ ಬೇಕು. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ತುರ್ತು ಪ್ರಯಾಣ ಪತ್ರ ಬರೆದುಕೊಡಬೇಕು. ಯುದ್ಧದ ನಡುವೆ ಒಂದು ದೇಶದ ಅಧಿಕಾರಿ ಫೋನ್ ಮಾಡಿದರೆ ಇನ್ನೊಂದು ದೇಶದ ಅಧಿಕಾರಿ ಎತ್ತಿಕೊಳ್ಳಬೇಕಾದರೆ ಅವರ ಪರಿಚಯ ಅದಕ್ಕೂ ಎಷ್ಟೋ ಮುಂಚೆ ಆಗಿರಬೇಕು. ಒಟ್ಟು 3,800ಕ್ಕೂ ಹೆಚ್ಚು ಜನ ಆಗ ಸುಡಾನಿನಿಂದ ಹೊರಬಂದರು. ಅವರಲ್ಲಿ ಕೆಲವರನ್ನು ಹೊತ್ತ ವಿಮಾನಗಳು ನೇರ ಬೆಂಗಳೂರಿಗೂ ಬಂದಿಳಿದವು.

ಪರದೇಶದಲ್ಲಿ ಬಂಧಿತರಾದವರನ್ನು ಅವರ ದೇಶದ ಕಾನ್ಸುಲ್ ಭೇಟಿಯಾಗುವ ಹಕ್ಕೂ 1963ರ ಒಪ್ಪಂದದ 36ನೇ ವಿಧಿಯಲ್ಲಿದೆ. ಪಾಕಿಸ್ತಾನ ಬಂಧಿಸಿದ ಭಾರತೀಯ ಕುಲಭೂಷಣ ಜಾಧವ್ ಪ್ರಕರಣದಲ್ಲಿ ಆ ದೇಶ ಈ ವಿಧಿಯನ್ನು ಉಲ್ಲಂಘಿಸಿದೆ ಎಂದು 2019ರ ಜುಲೈ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯ, ಉತ್ತರ ಕರ್ನಾಟಕದ ನಮ್ಮವರು ಪ್ರಯಾಣ ಹೊರಡುವ ಮುನ್ನ ತಿಳಿದಿರಬೇಕಾದ ಹಕ್ಕು ಇದು.

ಮನೆ, ಮದುವೆ ಮತ್ತು ಮುತ್ತಮ್ಮ

ಒಂದು ಊರಿನಲ್ಲಿ ಎರಡು ಮೂರು ವರ್ಷ, ಆಮೇಲೆ ಇನ್ನೊಂದು. ಹವೆ, ಭದ್ರತೆ, ಆಸ್ಪತ್ರೆ, ಶಾಲೆ ನೋಡಿ ಊರುಗಳನ್ನು ದರ್ಜೆಗಳಾಗಿ ವಿಂಗಡಿಸಿರುತ್ತಾರೆ. ಒಮ್ಮೆ ಸುಖದ ಊರಾದರೆ ಇನ್ನೊಮ್ಮೆ ಕಷ್ಟದ ಊರು. ಮಕ್ಕಳು ನಾಲ್ಕೈದು ಶಾಲೆ ಬದಲಿಸಿ ಬೆಳೆಯುತ್ತಾರೆ. ಗಂಡನೋ ಹೆಂಡತಿಯೋ ತಮ್ಮ ಸ್ವಂತ ವೃತ್ತಿಯನ್ನು ಬದಿಗಿಡಬೇಕಾಗುತ್ತದೆ. ಅಪ್ಪ ಅಮ್ಮನ ಕಾಯಿಲೆಗೆ ಮಲ್ಲೇಶ್ವರಕ್ಕೋ ಮಂಡ್ಯಕ್ಕೋ ಓಡಿಬರಲು ಎರಡು ವಿಮಾನ ಹಿಡಿಯಬೇಕು. ಈ ಸೇವೆಗೆ ಬರುವವರು ಸಂಬಳ, ಭತ್ಯೆಯ ಲೆಕ್ಕಕ್ಕಿಂತ ಮೊದಲು ಮನೆಯವರೊಡನೆ ಕೂತು ಈ ಲೆಕ್ಕ ಹಾಕಬೇಕು.

ಈ ಲೆಕ್ಕವನ್ನು ಸರ್ಕಾರ ಹೆಂಗಸರ ಮೇಲೆ ಮಾತ್ರ ಹೇರಿದ ಕಾಲವಿತ್ತು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮ ನಾಗರಿಕ ಸೇವಾ ಪರೀಕ್ಷೆ ಗೆದ್ದ ಮೊದಲ ಮಹಿಳೆ. 1949ರಲ್ಲಿ ವಿದೇಶಾಂಗ ಸೇವೆ ಸೇರಿದರು. ಸಂದರ್ಶನ ಮಂಡಳಿಯೇ ಈ ಸೇವೆ ಹೆಂಗಸರಿಗಲ್ಲವೆಂದು ಅವರನ್ನು ಹಿಂದಕ್ಕೆಳೆಯಲು ನೋಡಿತ್ತು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆಸಿಕೊಂಡಿದ್ದರು. ಆಮೇಲೆ 1961ರ ಸೇವಾ ನಿಯಮಗಳಲ್ಲೂ ಅದೇ ಧೋರಣೆ ಉಳಿಯಿತು: ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಎನಿಸಿದರೆ ಮದುವೆಯ ಬಳಿಕ ರಾಜೀನಾಮೆ ಕೇಳಬಹುದು, ಮದುವೆಯಾದ ಮಹಿಳೆಗೆ ನೇಮಕ ಹಕ್ಕಲ್ಲ. ಗಂಡಸರಿಗೆ ಇದ್ಯಾವುದೂ ಇಲ್ಲ.

1970ರಲ್ಲಿ ಮುತ್ತಮ್ಮ ಹಂಗೇರಿಗೆ ರಾಯಭಾರಿಯಾದರು. ಸೇವೆಯೊಳಗಿನಿಂದಲೇ ಬೆಳೆದು ಆ ಹುದ್ದೆಗೇರಿದ ಮೊದಲ ಭಾರತೀಯ ಮಹಿಳೆ. ಮುಂದೆ ಅತಿ ಹಿರಿಯ ದರ್ಜೆಗೆ ಬಡ್ತಿ ಕೊಡುವಾಗ ಅವರನ್ನು ಕೈಬಿಟ್ಟರು. ಮೂರು ದಶಕ ದೇಶದ ಪರವಾಗಿ ಮಾತಾಡಿದ ಆಕೆ ಆಗ ತನ್ನ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು, ನಿಯಮಗಳನ್ನೂ ತೆಗೆಯುತ್ತೇವೆಂದಿತು. 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಸಂಸಾರದ ಹೊಣೆ ಹೆಂಗಸಿನ ಕೆಲಸಕ್ಕೆ ಅಡ್ಡಿ ಎನ್ನುವುದಾದರೆ ಗಂಡಸಿನ ಕೆಲಸಕ್ಕೂ ಅದೇ ಅಡ್ಡಿಯಲ್ಲವೇ ಎಂದು ಕೇಳಿದರು. ಬಡ್ತಿ ಸಿಕ್ಕಿದ್ದರಿಂದ ಅರ್ಜಿಯನ್ನು ವಜಾ ಮಾಡಿದರೂ ಸಮಸ್ಯೆಯನ್ನು ವಜಾ ಮಾಡುತ್ತಿಲ್ಲ ಎಂದು ಸ್ಪಷ್ಟವಾಗಿ ದಾಖಲಿಸಿದರು. ಆಕೆಯ ಜ್ಯೇಷ್ಠತೆಯನ್ನು ಮತ್ತೆ ಪರಿಶೀಲಿಸಲು ಸೂಚಿಸಿದರು. ಭಾರತದ ಎಲ್ಲ ಸೇವೆಗಳ ಮಹಿಳೆಯರಿಗೂ ದಾರಿ ಬಿಡಿಸಿದ ಪ್ರಕರಣ ಇದು.

ಮುತ್ತಮ್ಮ 1982ರಲ್ಲಿ ನಿವೃತ್ತರಾಗಿ, 2009ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಈ ಊರಿನ ಎಷ್ಟು ಶಾಲೆಗಳಲ್ಲಿ ಅವರ ಹೆಸರು ಗೊತ್ತು ಎಂದು ಯೋಚಿಸಿದಾಗ ನನಗೆ ನೋವಾಗುತ್ತದೆ.

ನಿವೃತ್ತಿಯ ಆಚೆ

ಅರವತ್ತಕ್ಕೆ ನಿವೃತ್ತಿ. ಅಲ್ಲಿಗೆ ಸ್ವಂತ ಮಾತು ವಾಪಸು ಸಿಗುತ್ತದೆ. ಎಲ್ಲವನ್ನೂ ಹೇಳುವಂತಿಲ್ಲ, ಸರ್ಕಾರಿ ರಹಸ್ಯದ ಕಾನೂನು ಜೀವನಪೂರ್ತಿ ಅಂಟಿಕೊಂಡೇ ಇರುತ್ತದೆ. ಆದರೂ ಪುಸ್ತಕ, ಪಾಠ, ಭಾಷಣಗಳಲ್ಲಿ ಅನುಭವ ಹೊರಬರುತ್ತದೆ. ನಿರುಪಮಾ ರಾವ್ ಬೆಂಗಳೂರಿನಲ್ಲಿ ನೆಲೆಸಿ, ಚೀನಾದೊಡನೆ ಭಾರತದ ಸಂಬಂಧದ ಬಗ್ಗೆ ಸಂಶೋಧನೆಯ ಗ್ರಂಥ ಬರೆದರು. ದಕ್ಷಿಣ ಏಷ್ಯಾದ ದೇಶಗಳ ಸಂಗೀತಗಾರರನ್ನು ಒಂದೇ ವಾದ್ಯವೃಂದದಲ್ಲಿ ಕೂಡಿಸುವ ಪ್ರತಿಷ್ಠಾನವನ್ನೂ ಪತಿಯೊಡನೆ ಕಟ್ಟಿದರು.

ಸೇವೆಯಲ್ಲಿದ್ದಾಗ ಬರೆದ ಕೇಬಲ್‌ಗಳು, ಟಿಪ್ಪಣಿಗಳು ಮಾತ್ರ ಕಡತದಲ್ಲೇ ಉಳಿಯುತ್ತವೆ. ನಿಯಮದಂತೆ 25 ವರ್ಷ ದಾಟಿದ ಕಡತಗಳು ಪರಿಶೀಲನೆಯ ಬಳಿಕ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಬೇಕು. ವಿದೇಶಾಂಗ ಸಚಿವಾಲಯದ ಸಾವಿರಾರು ಹಳೆಯ ಕಡತಗಳು ಈಗ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಕೂತಲ್ಲೇ ಓದಲು ಸಿಗುತ್ತವೆ. ನರಸಿಂಗ ರಾಯರ ಕಾಲದ ಕೊರಿಯಾ, ಮುತ್ತಮ್ಮನವರ ಕಾಲದ ಯುರೋಪು ಇವನ್ನೆಲ್ಲ ಮೂಲ ಕಾಗದದಿಂದಲೇ ಓದಿ ಕನ್ನಡದಲ್ಲಿ ಬರೆಯುವ ಕೆಲಸ ಆಗಬೇಕಾಗಿದೆ. ಇತಿಹಾಸ, ರಾಜ್ಯಶಾಸ್ತ್ರದ ನಮ್ಮ ಎಂ.ಎ. ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುವಾಗ ಈ ತಾಣ ತೆರೆದು, ಒಂದು ವರ್ಷ ಮತ್ತು ಒಂದು ದೇಶದ ಹೆಸರು ಹಾಕಿ ಹುಡುಕಲು ಶುರುಮಾಡಬಹುದು.